ತಡವಾಗಿ ಬಂದ ಬಾಣ

ಔಲು ಪಟ್ಟಣ, ಫಿನ್ಲೆಂಡ್. ಡಿಸೆಂಬರ್.
ಮಧ್ಯಾಹ್ನ ಎರಡಕ್ಕೇ ಬೀದಿದೀಪ ಹೊತ್ತಿಕೊಂಡಿವೆ.
ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಹಿಲ್ಲೆವಿ
ಗಲ್ಲವನ್ನು ಆನಿಕೆಗೆ ಕೊಟ್ಟು ಕೂತಿದ್ದಾಳೆ.
ಗಂಟೆಗೆ ಹನ್ನೆರಡು ಯೂರೋ, ಮೇಲೊಂದು ಲೋಟ ಕಾಫಿ.

ಪರದೆಯ ಮೇಲೆ ಆರು ಚೌಕ: ಕೆಂಪು, ಹಸಿರು, ನೀಲಿ,
ಹಳದಿ, ಬಿಳಿ, ನೇರಳೆಯಂಥದ್ದೇನೋ ಒಂದು.
ಚಿಟಿಕೆ ಹೊಡೆಯುವುದರೊಳಗೆ ಇಲ್ಲ.
ಬರೀ ಬೂದು.
ಮತ್ತೆ ಬರುತ್ತವೆ. ಒಂದು ಬದಲಾಗಿದೆಯೋ, ಇಲ್ಲವೋ?
ಹೌದಾದರೆ ಬಲಗೈ ಗುಂಡಿ, ಅಲ್ಲವಾದರೆ ಎಡಗೈ.

ಮೂರು, ಹೆಚ್ಚೆಂದರೆ ನಾಲ್ಕು ನಿಲ್ಲುತ್ತವೆ ಬೊಗಸೆಯಲ್ಲಿ.
ಮಿಕ್ಕವು ಬೆರಳಸಂದಿಯಿಂದ ಇಳಿದುಹೋಗುತ್ತವೆ.
ಅವಳಿಗೆ ಸಿಟ್ಟು:
ಹತ್ತೊಂಬತ್ತು ವರ್ಷದಿಂದ ಈಜುಕೊಳದ ಕಾವಲುಗಾರ್ತಿ ನಾನು,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದೇ ಹೊಟ್ಟೆಪಾಡು!

ಪ್ರಯೋಗದ ಹುಡುಗ ಓಸ್ಮೋ, ಒಂದೊಂದು ಕಾಲಿಗೆ
ಒಂದೊಂದು ಬಣ್ಣದ ಕಾಲುಚೀಲದವನು, ಹೇಳಿದ:
ಇನ್ನು ಮೇಲೆ ಒಂದು ಬಾಣ ಬರುತ್ತದೆ,
ಚೌಕಗಳು ಅಳಿಸಿಹೋದ ನಂತರ.
ಇಲ್ಲದ್ದರ ಕಡೆಗೆ ಬಾಣ ಯಾಕಪ್ಪಾ?
ನೋಡಿ, ಅಂದ, ಅಷ್ಟೇ.

ಬೂದು ಬಯಲು. ಬಾಣ. ಎಡಮೂಲೆಯತ್ತ.
ಅಲ್ಲೇನಿತ್ತು?
ಹಳದಿ.
ಮುಳುಗುತ್ತಿದ್ದದ್ದು ಕರೆದೊಡನೆ ತಲೆಯೆತ್ತಿತು.
ಪಕ್ಕದವನ್ನು ಕೇಳುವಷ್ಟರಲ್ಲಿ ಪಕ್ಕದವು ಹೋಗಿದ್ದವು.

ಗಮನ. ನಮ್ಮ ಮಾತಿನಲ್ಲಿ ಆ ಪದಕ್ಕೆ
ಹೋಗುವುದು ಎಂಬ ಅರ್ಥವೂ ಇದೆ.
ಹಿಲ್ಲೆವಿಗೆ ಇದು ಗೊತ್ತಿಲ್ಲ, ಬೇಕಾಗಿಯೂ ಇಲ್ಲ.
ಕಣ್ಣು ಕದಲಲಿಲ್ಲ, ಗಲ್ಲ ಕದಲಲಿಲ್ಲ,
ಆದರೂ ಒಳಗೆ ಏನೋ ಎದ್ದು ನಡೆದುಹೋಯಿತು
ಒಂದರ ಬಳಿಗೆ.
ಐದರಿಂದ ದೂರಕ್ಕೆ.

ಸಂಜೆ ಐದೂವರೆ. ಕೊಳದ ಮೇಲೆ ಹಬೆ, ಕ್ಲೋರಿನ್ ವಾಸನೆ,
ಎತ್ತರದ ಬಿಳಿ ಕುರ್ಚಿ.
ಒಂದನೇ ತರಗತಿಯ ಆರು ಮಕ್ಕಳು, ಆರು ಟೋಪಿ.
ಅವಳಿಗೆ ನಗು ಬಂತು: ನೇರಳೆಯೂ ಇತ್ತು!
ಜಾರುಬಂಡಿಯ ಹತ್ತಿರ ಯಾರೋ ಕಿರುಚಿದರು, ತಿರುಗಿದಳು.
ಬರೀ ಕೇಕೆ.
ಕತ್ತು ಮರಳುವಷ್ಟರಲ್ಲಿ ಬಾಣ ಬಂದಿತ್ತು,
ದಂಡೆಯಲ್ಲಿ ನಿಂತ ಒಬ್ಬ ಅಪ್ಪನ ಬಾಯಿಂದ:
"ಹಳದಿ ಎಲ್ಲಿ? ನಮ್ಮ ಎಲ್ಮೇರಿ ಎಲ್ಲಿ?"

ಕಣ್ಣೆದುರಿನ ನೀರನ್ನು ಬಿಟ್ಟು ಅವಳು
ಎರಡು ಉಸಿರಿನಷ್ಟು ಹಳೆಯ ನೀರಿಗೆ ಹೋದಳು:
ಏಣಿಯ ಬಳಿ, ಎಡಗಡೆ,
ಆಳದ ಗುರುತಿನ ಹಗ್ಗಕ್ಕೆ ಒಂದು ಮೊಳ ಈಚೆ, ಹಳದಿ.
ಜಿಗಿದಳು.

ಏಣಿಯ ಬಳಿ ಒಬ್ಬ ಹುಡುಗ. ಒದ್ದೆ ಕಂದು ಕೂದಲು,
ಮುಂದಿನ ಹಲ್ಲಿಲ್ಲದ ನಗು.
ಕೈಗೆಟಕುವಷ್ಟು ಹತ್ತಿರದಲ್ಲಿ ಅವನನ್ನು ದಾಟಿ
ಹಳದಿಯನ್ನು ಹುಡುಕುತ್ತ, ಹಳದಿಯನ್ನೇ,
ತಳದ ಹೆಂಚು ಮುಟ್ಟುವವರೆಗೆ ಮುಳುಗಿದಳು.
ಅಲ್ಲಿಂದ ಮೇಲೆ ನೋಡಿದಾಗ ಕಂಡಿತು:
ಎರಡು ಪುಟ್ಟ ಮೊಣಕಾಲುಗಳ ನಡುವೆ
ಆಟಕ್ಕೆಂದು ಸಿಕ್ಕಿಸಿಕೊಂಡ ಟೋಪಿ.

ಹುಡುಗನನ್ನು ಅಪ್ಪ ಟವೆಲ್ಲಿನಲ್ಲಿ ಸುತ್ತಿ ಬೈದ, ಮುದ್ದಿಸಿದ,
ಮತ್ತೆ ಬೈದ.

ಉಳಿದ ಐವರು?
ಆ ಹೊತ್ತು ಅವರು ಎಲ್ಲೆಲ್ಲಿದ್ದರೆಂದು
ವರದಿ ಪುಸ್ತಕದಲ್ಲಿ ಬರೆಯಲು ಅವಳಿಗೆ ಏನೂ ಸಿಗಲಿಲ್ಲ.
ಎಲ್ಲರೂ ಸುರಕ್ಷಿತ, ಎಂದು ಬರೆದಳು. ನಿಜವೇ ಅದು.
ಪೆನ್ನು ಮಾತ್ರ ಸ್ವಲ್ಪ ಹೊತ್ತು ಚುಕ್ಕೆಯ ಮೇಲೇ ನಿಂತಿತ್ತು.

ಮನೆಗೆ ಹೋಗುವ ಬಸ್ಸು. ಹೊರಗೆ ಹಿಮ, ಒದ್ದೆ ಗಾಜು.
ಕಣ್ಣು ಮುಚ್ಚಿದಳು.
ನೇರಳೆ ಟೋಪಿ ಹಾಕಿದ್ದು ಹುಡುಗಿಯೋ, ಹುಡುಗನೋ?
ಯಾರಾದರೂ ಕೇಳಿದ್ದರೆ,
ಆಗಲೇ ಕೇಳಿದ್ದರೆ,
ಸಿಗುತ್ತಿತ್ತೇನೋ.